ಸಂದು ತುಂಬುವ ಕೂಲಿ

ಕೋಲಾರದ ಕಡೆಯ ಹಳೆಯ ಮನೆಗಳಲ್ಲಿ ಕಡಪ ಕಲ್ಲು, ಇಲ್ಲವೇ ಕಾವಿಯ ನೆಲ. ಮಾಲೂರಿನ ಹೆಂಚು ಮಾಡಿಗೇ ಮೀಸಲು. ನೆಲಕ್ಕೆ ನುಣುಪಾದ ಟೈಲು ಬಂದ ಮೇಲೆ ಅದರೊಡನೆ ಎರಡು ಮೂರು ಮಿಲಿಮೀಟರ್ ಅಗಲದ ಸಂದುಗಳೂ ಬಂದವು. ಟೈಲು ಬಹುಕಾಲ ಬಾಳುತ್ತದೆ; ಸಂದಿನ ಸಿಮೆಂಟು ಅಷ್ಟು ಬಾಳುವುದಿಲ್ಲ. ಅದು ಉದುರಿದಾಗ ಗಾರೆಯವನನ್ನು ಕರೆಸಬೇಕು. ಕೂಲಿ ಎಷ್ಟು?

ಚದರಡಿಗೆ ಇಷ್ಟೆಂದು ಮಾತಾಡುವುದು ವಾಡಿಕೆ. ಯಾರಾದರೊಬ್ಬರಿಗೆ ನಷ್ಟವಾಗುವುದು ಇಲ್ಲಿಯೇ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ಎರಡಡಿಯ ಟೈಲು ಹಾಸಿದ್ದರೆ ಒಳಗಿನ ಸಂದು ಒಟ್ಟು ೮೦ ಅಡಿ. ಒಂದಡಿಯ ಟೈಲಾದರೆ ೧೮೦ ಅಡಿ. ನಾಲ್ಕಂಗುಲದ ಬಿಲ್ಲೆಯಾದರೆ ೫೮೦ ಅಡಿ! ಕೋಣೆಯೇನೋ ಒಂದೇ, ಆದರೆ ಕುಕ್ಕರುಗಾಲಿನಲ್ಲಿ ಕುಳಿತು ಕೈಯಾಡಿಸುವವನ ದುಡಿಮೆ ಏಳು ಪಟ್ಟು. ಆದ್ದರಿಂದ ಸಂದಿನ ಉದ್ದವನ್ನು ಅಳೆದು ಕೂಲಿ ಗೊತ್ತುಮಾಡುವುದೇ ನ್ಯಾಯ.

ಹೊಸ ನೆಲಕ್ಕೂ ಹಳೆಯದಕ್ಕೂ ಒಂದೇ ದರ ಕೇಳುವುದು ಸಲ್ಲದು. ಹಳೆಯ ಸಂದನ್ನು ಆಳಕ್ಕೆ ಕೆರೆದು, ಧೂಳು ತೆಗೆದು, ಆಮೇಲೆ ತುಂಬಬೇಕು. ಕೆರೆಯುವುದರಲ್ಲೇ ಹೆಚ್ಚಿನ ಹೊತ್ತು ಕಳೆಯುತ್ತದೆ. ಅದನ್ನು ಬಿಟ್ಟು ಮೇಲೆ ಬಿಳಿ ಸಿಮೆಂಟು ಸವರಿಸಿಕೊಂಡವರಿಗೆ ಅಗ್ಗದ ಕೆಲಸವೇನೋ ಆಗುತ್ತದೆ. ತೆಳುವಾದ ಆ ಪದರ ಬೇಗನೆ ಏಳುತ್ತದೆ.

ಸಾಮಗ್ರಿಯಲ್ಲೂ ಭೇದವುಂಟು. ಸಿಮೆಂಟಿನದು ಅಗ್ಗ, ಆದರೆ ನೀರು ಹೀರುತ್ತದೆ. ಎಪಾಕ್ಸಿ ದುಬಾರಿ, ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ನುರಿತ ಕೈ ಬೇಕು, ಕೈಗೆ ಗವಸೂ ಬೇಕು. ಇಡೀ ಮನೆಗೆ ಅದನ್ನೇ ಹಾಕಿಸುವ ಅಗತ್ಯವಿಲ್ಲ. ಸ್ನಾನದ ಮನೆಗೂ ಅಡುಗೆಕಟ್ಟೆಗೂ ಹಾಕಿಸಿದರೆ ಕೊಟ್ಟ ಹಣ ವ್ಯರ್ಥವಾಗದು.

ಈ ಸೀಮೆಗೆ ಇನ್ನೊಂದು ತೊಡಕುಂಟು. ಸದಾ ಹರಿಯುವ ನದಿಯಿಲ್ಲದ ಜಿಲ್ಲೆಯಿದು. ಮನೆಮನೆಗೂ ಕೊಳವೆಬಾವಿಯ ಗಡುಸು ನೀರು. ಟೈಲಿನ ಮೇಲೆ ಬಿಳಿ ಕಲೆ ಕಟ್ಟಿದೊಡನೆ ಗೃಹಿಣಿಯ ಕೈ ಆಸಿಡ್ ಬಾಟಲಿಗೆ ಹೋಗುತ್ತದೆ. ಕಲೆಯ ಸುಣ್ಣಕ್ಕೂ ಸಂದಿನ ಸಿಮೆಂಟಿಗೂ ಆಸಿಡ್ಡಿಗೆ ಭೇದವಿಲ್ಲ, ಎರಡನ್ನೂ ತಿನ್ನುತ್ತದೆ. ನೆಲ ಬೆಳ್ಳಗಾಗುತ್ತದೆ, ಗಾರೆಯವನಿಗೆ ಮತ್ತೆ ಕರೆ ಹೋಗುತ್ತದೆ.

ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ನುರಿತವನು ಬೇರೆ ಊರಿನಿಂದ ಬಸ್ಸು ಹತ್ತಿ ಬರಬೇಕಾದರೆ, ಅರ್ಧ ದಿನದ ಕೆಲಸಕ್ಕೂ ಪೂರ್ತಿ ದಿನದ ಕೂಲಿ ಕೇಳುತ್ತಾನೆ. ಅದರಲ್ಲಿ ತಪ್ಪೇನಿದೆ? ನೆರೆಯ ಎರಡು ಮನೆಗಳು ಒಟ್ಟಾಗಿ ಒಂದೇ ದಿನ ಕರೆಸಿಕೊಂಡರೆ ಇಬ್ಬರಿಗೂ ಉಳಿತಾಯ. ಆದರೆ ಸ್ನಾನದ ಮನೆಗಳ ಸರದಿಯನ್ನು ಬೇರೆ ಬೇರೆ ದಿನಕ್ಕೆ ಇಟ್ಟುಕೊಳ್ಳಬೇಕು. ತುಂಬಿದ ಸಂದಿಗೆ ಒಂದು ದಿನವಾದರೂ ಸ್ನಾನದ ನೀರು ಬೀಳಬಾರದು, ಅಂದು ನೆರೆಮನೆಯ ಬಚ್ಚಲೇ ಗತಿ.