ಗ್ಲಾಕೋಮಾ ಮತ್ತು ಅಂಚಿನ ನೋಟ

ದಂಪತಿಗಳೇ, ಹೊಲದ ಬದುವಿನ ಮೇಲೆ ನಡೆಯುವಾಗ ಪಕ್ಕದ ಪೊದೆಯಲ್ಲಿ ಏನಾದರೂ ಸರಿದಾಡಿದರೆ ನಿಮ್ಮ ದೃಷ್ಟಿಯು ತಟ್ಟನೆ ಅತ್ತ ಹೊರಳುತ್ತದೆ. ಹೊರಳಿಸಬೇಕೆಂದು ನೀವು ಯೋಚಿಸಿರುವುದಿಲ್ಲ. ನಮ್ಮ ನೋಟದ ನಡುಭಾಗವು ಮಾತ್ರ ಸ್ಪಷ್ಟವಾಗಿರುತ್ತದೆ. ಅಂಚಿನ ನೋಟವು ಮಸುಕಾದುದಾದರೂ, ಕಾವಲುಗಾರನಂತೆ ಕಣ್ಣನ್ನು ಬೇಕಾದೆಡೆಗೆ ಕರೆಯುವುದು ಅದೇ. ಎಚ್ಚರವಾಗಿರುವಾಗ ಕಣ್ಣುಗಳು ಸೆಕೆಂಡಿಗೆ ಸುಮಾರು 3 ಸಲ ಹೀಗೆ ನೆಲೆ ಬದಲಿಸುತ್ತವೆ.

ಗ್ಲಾಕೋಮಾ ರೋಗವು ಸಾಮಾನ್ಯವಾಗಿ ಮೊದಲು ಕೆಡಿಸುವುದು ಈ ಕಾವಲನ್ನೇ. ಕಣ್ಣಿನೊಳಗಿನ ದ್ರವದ ಒತ್ತಡವು ಆ ಕಣ್ಣು ತಾಳಬಲ್ಲುದಕ್ಕಿಂತ ಹೆಚ್ಚಾದಾಗ, ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದ ಸುಮಾರು 10 ಲಕ್ಷ ಎಳೆಗಳು ಕ್ರಮೇಣ ನಶಿಸತೊಡಗುತ್ತವೆ. ಸಾಮಾನ್ಯ ಬಗೆಯ ರೋಗದಲ್ಲಿ ನೋವಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ಕಾಣದ ಭಾಗವು ಕಪ್ಪಾಗಿಯೂ ತೋರದು. ಸುತ್ತಲಿನ ನೋಟದಿಂದಲೇ ಮಿದುಳು ಆ ಎಡೆಯನ್ನು ತುಂಬಿಬಿಡುತ್ತದೆ. ಕರೆಯೇ ಬಾರದುದರಿಂದ ಕಣ್ಣು ಅತ್ತ ಹೊರಳುವುದಿಲ್ಲ, ಹೊರಳಿದರೂ ತಡವಾಗಿ ಹೊರಳುತ್ತದೆ.

ಒಮ್ಮೆ ರೈತರೊಬ್ಬರು, "ಬಸ್ಸಿನ ಬೋರ್ಡು ಓದುತ್ತೇನೆ, ನನ್ನ ಕಣ್ಣಿಗೇನಾಗಿದೆ ಡಾಕ್ಟ್ರೇ?" ಎಂದು ಪತ್ನಿಯ ಮೇಲೆ ರೇಗುತ್ತಲೇ ನನ್ನ ಬಳಿಗೆ ಬಂದರು. ಆಕೆ ಹೇಳಿದ್ದು ಬೇರೆ: ಊಟಕ್ಕೆ ಕುಳಿತಾಗ ಪಕ್ಕದ ನೀರಿನ ಚೊಂಬನ್ನು ಉರುಳಿಸುತ್ತಾರೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ, ಬದಿಯಿಂದ ಬರುವ ಸೈಕಲ್ಲು ಅವರ ಗಮನಕ್ಕೇ ಬರುವುದಿಲ್ಲ. ಇದನ್ನು ಅಜಾಗರೂಕತೆಯೆಂದು ಮನೆಯವರು ಎರಡು ವರ್ಷ ಬೈದಿದ್ದರಂತೆ. ಜಿಲ್ಲಾ ಆಸ್ಪತ್ರೆಯ ನೇತ್ರತಜ್ಞರು ಪರೀಕ್ಷಿಸುವ ವೇಳೆಗೆ ಎರಡೂ ಕಣ್ಣುಗಳ ಅಂಚಿನ ನೋಟವು ಬಹುಮಟ್ಟಿಗೆ ಹೋಗಿತ್ತು. ರೋಗಿಗೆ ತಿಳಿಯದುದು ಸಂಗಾತಿಗೆ ತಿಳಿದಿತ್ತು. ಆಕೆಯ ಮಾತನ್ನು ಮೊದಲೇ ಕೇಳಬೇಕಾಗಿತ್ತೆಂದೇ ನನ್ನ ಅಭಿಪ್ರಾಯ.

ಕಣ್ಣಿನ ಪೊರೆಯನ್ನು ತೆಗೆದಾಗ ದೃಷ್ಟಿ ಮರಳುವಂತೆ ಇಲ್ಲಿ ಮರಳುವುದಿಲ್ಲ. ನಿತ್ಯವೂ ಔಷಧದ ಹನಿ ಹಾಕುವುದರಿಂದ, ಕೆಲವರಿಗೆ ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ, ಒತ್ತಡವನ್ನು ತಗ್ಗಿಸಿ ಉಳಿದುದನ್ನು ಕಾಪಾಡಬಹುದು. ಹನಿ ಹಾಕಿದರೂ ನೋಟ ಹೆಚ್ಚಲಿಲ್ಲವೆಂದು ಅನೇಕರು ನಿಲ್ಲಿಸಿಬಿಡುತ್ತಾರೆ, ಹಾಗೆ ಮಾಡಬಾರದು. ಆ ರೈತರು ಈಗ ರಸ್ತೆ ದಾಟುವ ಮೊದಲು ಬೇಕೆಂದೇ ಕತ್ತನ್ನು ಎರಡೂ ಬದಿಗೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಂಡಿದ್ದಾರೆ.

ವಯಸ್ಸು 40 ದಾಟಿದವರು ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು. ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಇದು ಬರುವ ಸಂಭವ ಹೆಚ್ಚು, ಅವರನ್ನೂ ಕರೆತನ್ನಿ. ಕಣ್ಣು ಕೆಂಪಾಯಿತೆಂದು ಅಂಗಡಿಯಿಂದ ತಾವೇ ಸ್ಟೀರಾಯ್ಡ್ ಹನಿ ಕೊಂಡು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಅದರಿಂದಲೂ ಒತ್ತಡವೇರಿ ಈ ರೋಗವೇ ಬರಬಹುದು.