ದಾದಿಗೂ ಒಂದು ಕೋಣೆ ಬೇಕು

ಆಸ್ಪತ್ರೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವವಳು ದಾದಿ. ಅವಳನ್ನು ‘ಸಿಸ್ಟರ್’ ಎಂದು ಕರೆಯುತ್ತೇವೆ, ಕರುಣಾಮಯಿಯೆಂದು ಹೊಗಳುತ್ತೇವೆ. ಆದರೆ ರಾತ್ರಿ ಪಾಳಿಯಲ್ಲಿ ಅವಳು ಎಲ್ಲಿ ಉಡುಪು ಬದಲಿಸುತ್ತಾಳೆ, ಎಲ್ಲಿ ತುಸು ಹೊತ್ತು ಒರಗುತ್ತಾಳೆ, ಹೇಗೆ ಮನೆ ಸೇರುತ್ತಾಳೆ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ನಾನೂ ವಿಚಾರಿಸಿದವನಲ್ಲ. ನನ್ನ ದೊಡ್ಡಮ್ಮನ ಮಗಳು ನಮ್ಮ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ದಾದಿ. ಕಳೆದ ಮಳೆಗಾಲದಲ್ಲಿ ಅಕ್ಕ ಕೆಲಸ ಬಿಡುತ್ತೇನೆಂದಳು. ಅಲ್ಲಿ ವೈದ್ಯರಿಗೆ ಮಂಚವುಳ್ಳ ಕೋಣೆಯುಂಟು, ದಾದಿಯರಿಗಿಲ್ಲ. ಔಷಧದ ಪೆಟ್ಟಿಗೆಗಳನ್ನು ಒಟ್ಟಿದ ಉಗ್ರಾಣದಲ್ಲಿ ಉಡುಪು ಬದಲಿಸಬೇಕು. ಅದರ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು ನಿಲ್ಲಬೇಕು. “ಇಷ್ಟಕ್ಕೇ ಕೆಲಸ ಬಿಡುವುದೇ?” ಎಂದು ನಾನು ನಕ್ಕೆ. “ಒಂದು ರಾತ್ರಿ ನೀನು ಅಲ್ಲಿ ಇದ್ದು ನೋಡು ಮಾರಾಯ, ಮತ್ತೆ ನಗು” ಎಂದಳು ಅಕ್ಕ.

ಅನಂತರ ಓದಿದ ಎರಡು ಸಂಗತಿಗಳು ನನ್ನ ನಗುವನ್ನು ಅಡಗಿಸಿದವು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಕೆಲಸ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉಡುಪು ಬದಲಿಸುತ್ತಿದ್ದಾಗ ಅಲ್ಲಿಯ ನೌಕರನೊಬ್ಬನೇ ಅವರ ಮೇಲೆ ಅತ್ಯಾಚಾರವೆಸಗಿದನು. ಮಿದುಳಿಗೆ ಬಿದ್ದ ಆಘಾತದಿಂದ ಅವರು ಮತ್ತೆ ಚೇತರಿಸಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಮಿಕ್ಕಿ, ಅವರನ್ನು ನೋಡಿಕೊಂಡವರು ಆ ಆಸ್ಪತ್ರೆಯ ದಾದಿಯರೇ. ಇನ್ನೊಂದು ಸಂಗತಿ 2024ರ ಆಗಸ್ಟ್ 9ರದು. ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯ ತರಬೇತಿ ವೈದ್ಯೆ ರಾತ್ರಿ ಪಾಳಿಯ ನಡುವೆ ವಿಶ್ರಮಿಸಲು ಹೋದದ್ದು ಉಪನ್ಯಾಸದ ಸಭಾಕೊಠಡಿಗೆ. ಅಲ್ಲಿಯೇ ಆಕೆಯ ಅತ್ಯಾಚಾರ, ಕೊಲೆ ನಡೆಯಿತು. ಪಾಪಿಯ ಪಾಪವನ್ನು ಕೋಣೆಯ ಮೇಲೆ ಹೊರಿಸಲಾಗದು, ನಿಜ. ಆದರೆ ಅರ್ಧ ಶತಮಾನ ಕಳೆದರೂ ದುಡಿಯುವ ಹೆಣ್ಣಿಗೆ ಭದ್ರವಾದ ಒಂದು ಕೋಣೆ ಒದಗಲಿಲ್ಲವೆಂಬುದೂ ನಿಜವಲ್ಲವೇ?

ಹೀಗೇಕಾಯಿತು? ಜಗತ್ತಿನ ಆರೋಗ್ಯ ನೌಕರರಲ್ಲಿ ನೂರಕ್ಕೆ 70 ಮಂದಿ ಸ್ತ್ರೀಯರು, ಮೇಲಿನ ಅಧಿಕಾರಸ್ಥಾನಗಳಲ್ಲಿ ಮಾತ್ರ ನೂರಕ್ಕೆ 25 ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿತು. ಕಟ್ಟಡದ ನಕ್ಷೆಗೆ ಸಹಿ ಹಾಕುವವರು ಬೇರೆ, ಚಿಲಕ ಬೇಕಾದವರು ಬೇರೆ.

ಇದಕ್ಕೆ ಪರಿಹಾರಗಳು ದೂರದಲ್ಲಿಲ್ಲ. ಮೊದಲನೆಯದು ಕೋಣೆ: ಒಳಚಿಲಕ, ದೀಪ, ಪಕ್ಕದಲ್ಲೇ ಶೌಚಾಲಯ. ಎರಡನೆಯದು ದಾರಿ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಬಸ್ಸಿಳಿದ ಮೇಲೂ ಗುಡ್ಡ, ರಬ್ಬರು ತೋಟಗಳ ನಡುವೆ ನಡೆಯಬೇಕು. ಕಡಬದ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯ ಒಂದು ಬೆಳಿಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟ ಯುವತಿಯನ್ನು ಕಾಡಾನೆ ಕೊಂದದ್ದು ನಮಗೆಲ್ಲ ನೆನಪಿದೆ. ಹಾಗಿರುವಾಗ ಕತ್ತಲಲ್ಲಿ ಪಾಳಿ ಮುಗಿಸಿದವಳನ್ನು ಮನೆ ಮುಟ್ಟಿಸುವುದು ಉಪಕಾರವಲ್ಲ, ಕರ್ತವ್ಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ವಾಹನ ವ್ಯವಸ್ಥೆಯನ್ನೂ ವಿಶ್ರಾಂತಿ ಕೊಠಡಿಗಳನ್ನೂ ಸುಪ್ರೀಂ ಕೋರ್ಟು 2024ರ ಆಗಸ್ಟ್ 20ರ ತನ್ನ ಆದೇಶದಲ್ಲಿ ಪ್ರಸ್ತಾಪಿಸಿತು.

ಮೂರನೆಯದು ನಿಶ್ಚಿತವಾದ ಪ್ರತಿಫಲ. ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸನ್ಮಾನಿಸಿತು. ಆದರೂ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆಗಾಗಿ ನಮ್ಮ ರಾಜ್ಯದ ಆಶಾಗಳು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು.

ನಾಲ್ಕನೆಯದು ದೂರು ಕೇಳುವ ಕಿವಿ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವೆಡೆ, ಲೈಂಗಿಕ ಕಿರುಕುಳದ ದೂರುಗಳಿಗಾಗಿ, ಹಿರಿಯ ಮಹಿಳಾ ನೌಕರರ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರಬೇಕು. ಹತ್ತಕ್ಕಿಂತ ಕಡಿಮೆ ಮಂದಿಯ ಚಿಕ್ಕ ಕ್ಲಿನಿಕ್ಕುಗಳವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಬರಹದಲ್ಲಿರಬೇಕು, ಮೂರು ತಿಂಗಳೊಳಗೆ ಕೊಡಬೇಕು.

ಬರಹವೆಂದಾಗ ನಮ್ಮ ಸರದಿ ಬರುತ್ತದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ಅರ್ಜಿ ಬರೆಯುವಷ್ಟಾದರೂ ಆ ಓದು ಉಪಯೋಗಕ್ಕೆ ಬಾರದಿದ್ದರೆ ಹೇಗೆ? ಅಕ್ಕನೂ ಅವಳ ಜೊತೆಯ ದಾದಿಯರೂ ಹೇಳಿದಂತೆ ಬರೆದುಕೊಟ್ಟೆ. ಅವರೆಲ್ಲ ಕೂಡಿ ಸಹಿ ಹಾಕಿದರು. ಕೇಳಿದ್ದು ಮೂರೇ: ಕೋಣೆ, ಚಿಲಕ, ರಾತ್ರಿಯ ವಾಹನ. ಒಂದು ತಿಂಗಳ ಬಳಿಕ ಉಗ್ರಾಣದ ಪೆಟ್ಟಿಗೆಗಳು ಹೊರಬಿದ್ದವು, ಚಿಲಕ ಬಂತು. ವಾಹನ ಇನ್ನೂ ಬಂದಿಲ್ಲ. ಭಾವ ಸ್ಕೂಟರಿನಲ್ಲಿ ಕಾಯುತ್ತಾರೆ. ಎರಡನೆಯ ಅರ್ಜಿ ಸಿದ್ಧವಾಗಿದೆ. ಅಕ್ಕ ಕೆಲಸ ಬಿಟ್ಟಿಲ್ಲ.

ಮಿತ್ರರೇ, ನಿಮ್ಮ ಮನೆಗಳಲ್ಲೂ ಇಂಥ ಅಕ್ಕತಂಗಿಯರಿರಬಹುದು. ಅವರನ್ನು ಹೊಗಳುವ ಮೊದಲು ಒಮ್ಮೆ ಕೇಳಿ ನೋಡಿ: “ನಿಮ್ಮ ಕೋಣೆಗೆ ಚಿಲಕವುಂಟೇ?”