ಲೆಕ್ಕವೂ ಕಾಯಕವೇ: ವಾಣಿಜ್ಯ ವಿದ್ಯಾರ್ಥಿಗಳಿಗೆ ಬೇಕಾದ ಅನುಭವದ ಪಾಠ

ವಿಶ್ವಗುರು ಬಸವಣ್ಣನವರು ಬಿಜ್ಜಳನ ಭಂಡಾರಿಯಾಗುವ ಮುನ್ನ ಕರಣಿಕರಾಗಿದ್ದರೆಂಬುದನ್ನು ಶರಣ ಪರಂಪರೆ ಬಲ್ಲದು. ಭಂಡಾರದ ಹೊನ್ನನ್ನು ಜಂಗಮ ದಾಸೋಹಕ್ಕೆ ವ್ಯಯಿಸುತ್ತಿದ್ದಾರೆಂಬ ದೂರು ಬಂದಾಗ ಅವರು ಲೆಕ್ಕವನ್ನು ಒಪ್ಪಿಸಿದರು, ಭಂಡಾರದಲ್ಲಿ ಏನೂ ಕಡಿಮೆಯಿರಲಿಲ್ಲ ಎಂಬ ಕಥೆಯನ್ನು ಪ್ರವಚನಗಳಲ್ಲಿ ಪವಾಡವಾಗಿ ಕೇಳುತ್ತೇವೆ. ಕರಣಿಕನ ಕಣ್ಣಿನಿಂದ ನೋಡಿದರೆ ಅದಕ್ಕೆ ಇನ್ನೊಂದು ಅರ್ಥವೂ ಉಂಟು. ಕೇಳಿದ ದಿನವೇ ಲೆಕ್ಕ ತೋರಿಸಬಲ್ಲವನು ಪ್ರತಿದಿನವೂ ಲೆಕ್ಕ ಬರೆದಿಟ್ಟವನೇ ಆಗಿರಬೇಕು.

ಇಂದು ನಮ್ಮ ಮಕ್ಕಳು ಬಿ.ಕಾಂ. ಪದವಿಯಲ್ಲಿ ಜಮೆ-ಖರ್ಚಿನ ನಿಯಮಗಳನ್ನು ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ ವ್ಯವಹಾರವು ಸೋಸಿದ ಅಕ್ಕಿಯಂತೆ ಸಿದ್ಧವಾಗಿ ಬಂದಿರುತ್ತದೆ. ಮಾಸಿದ ರಸೀದಿ, ದಿನಾಂಕವಿಲ್ಲದ ಚೀಟಿ, ಬಾಯಿಮಾತಿನ ಸಾಲ ಇವುಗಳಿಂದ ವ್ಯವಹಾರವನ್ನು ಹೆಕ್ಕಿ ತೆಗೆಯುವ ಕೆಲಸ ಅಲ್ಲಿಲ್ಲ. ನಿಜವಾದ ಲೆಕ್ಕಿಗನ ಶ್ರಮವೆಲ್ಲ ಇರುವುದು ಅದರಲ್ಲಿಯೇ.

ಕಾರ್ಕಳದ ಸಮೀಪದ ಅಜೆಕಾರನ್ನೇ ತೆಗೆದುಕೊಳ್ಳಿ. ಅಡಿಕೆ ತೋಟವಿರುವ ಅಲ್ಲಿನ ಮನೆಯ ವಿದ್ಯಾರ್ಥಿಗೆ ಪ್ರಯೋಗಶಾಲೆ ಹಿತ್ತಿಲಲ್ಲಿಯೇ ಇದೆ. ಕೊಳೆರೋಗ ತಡೆಯಲು ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲದ ಹೊಸ್ತಿಲಲ್ಲಿ ಸಿಂಪಡಿಸುತ್ತಾರೆ; ಕೂಲಿಯೂ ಆಗಲೇ ಖರ್ಚಾಗುತ್ತದೆ. ಕೊಯ್ಲು ಚಳಿಗಾಲದಲ್ಲಿ. ಅಂಗಳದಲ್ಲಿ ನಲವತ್ತು ದಿನಗಳಷ್ಟು ಒಣಗಿ, ಸುಲಿದು, ಹೊಸ ಅಡಿಕೆಯಾಗಿ ಮಾರಬಹುದು. ದಾಸ್ತಾನಿಟ್ಟು ಹಳೆ ಅಡಿಕೆಯಾಗಿಯೂ ಮಾರಬಹುದು. ಅಷ್ಟರಲ್ಲಿ ಮಾರ್ಚ್ 31 ದಾಟಿರುತ್ತದೆ. ಒಂದು ಹಣಕಾಸು ವರ್ಷದ ಖರ್ಚು, ಮತ್ತೊಂದು ವರ್ಷದ ಆದಾಯ! ಕೈಗೆ ಬಂದ ನಗದನ್ನಷ್ಟೇ ಬರೆದರೆ ಮೊದಲ ವರ್ಷ ನಷ್ಟ, ಎರಡನೆಯ ವರ್ಷ ಭಾರೀ ಲಾಭವೆಂದು ಕಾಣುವುದು, ಎರಡೂ ಸುಳ್ಳು. ಕೊಟ್ಟಿಗೆಯ ಮೂಟೆಗಳನ್ನು ಎಣಿಸಿ, ತೂಗಿ, ಬೆಲೆ ಕಟ್ಟಿದಾಗಲೇ ‘ಅಂತಿಮ ದಾಸ್ತಾನು’ ಎಂಬ ಪಠ್ಯದ ಶಬ್ದಕ್ಕೆ ಮೈ ಬರುತ್ತದೆ. ತಂದೆಯವರ ಒಂದು ವರ್ಷದ ಲೆಕ್ಕವನ್ನು ಹೀಗೆ ಬರೆದ ವಿದ್ಯಾರ್ಥಿ ಹತ್ತು ಮಾದರಿ ಪ್ರಶ್ನೆಗಳನ್ನು ಬಿಡಿಸಿದವನಿಗಿಂತ ಹೆಚ್ಚು ಕಲಿತಿರುತ್ತಾನೆಂದೇ ನಮ್ಮ ನಂಬಿಕೆ.

ಇದೇ ಉಡುಪಿ ಜಿಲ್ಲೆಯ ಇತಿಹಾಸದಲ್ಲಿ ಇನ್ನೊಂದು ಪಾಠವಿದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು; 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯಷ್ಟು ಕಿರುಮೊತ್ತವನ್ನೂ ಮನೆಬಾಗಿಲಿನಲ್ಲಿ ಸಂಗ್ರಹಿಸುತ್ತಿದ್ದರು. ಇಂಥ ಪದ್ಧತಿಯಲ್ಲಿ ಠೇವಣಿದಾರರ ಕೈಯಲ್ಲಿರುವ ದಾಖಲೆ, ಸಂಗ್ರಾಹಕರ ದಿನದ ಪಟ್ಟಿ, ಬ್ಯಾಂಕಿನ ಖಾತೆ ಈ ಮೂರೂ ತಾಳೆಯಾಗಬೇಕು. ಬಡವರು ದಿನದಿನವೂ ಕೂಡಿಟ್ಟ ಹಣದ ರಕ್ಷಣೆ ಈ ತಾಳೆಯಲ್ಲಿದೆ. ಒಬ್ಬ ಪಿಗ್ಮಿ ಸಂಗ್ರಾಹಕರೊಡನೆ ವಾರವೊಂದು ತಿರುಗಿ, ಸಂಜೆ ಆ ಪಟ್ಟಿಯನ್ನು ಒಪ್ಪ ಮಾಡಿದ ವಿದ್ಯಾರ್ಥಿಗೆ ಇದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವವರಿಗೆ ಈ ಅಭ್ಯಾಸ ಕಡ್ಡಾಯ. ಅನುಭವಿ ಲೆಕ್ಕಪರಿಶೋಧಕರ ಕೈಕೆಳಗಿನ ಆರ್ಟಿಕಲ್‌ಷಿಪ್ ತರಬೇತಿ ಮೊದಲು ಮೂರು ವರ್ಷವಿತ್ತು, 2023ರ ಹೊಸ ಯೋಜನೆಯಲ್ಲಿ ಎರಡು ವರ್ಷವಾಗಿದೆ. ಆದರೆ ಬಿ.ಕಾಂ. ಓದುವ ಎಲ್ಲರೂ ಆ ಹಾದಿ ಹಿಡಿಯುವುದಿಲ್ಲ. ಸಹಕಾರಿ ಸಂಘಗಳಲ್ಲಿ, ಅಂಗಡಿಗಳಲ್ಲಿ ಲೆಕ್ಕ ಬರೆಯಲಿರುವ ಉಳಿದವರಿಗೆ ಇಂಥ ಗುರು ಯಾರು?

ಇಲ್ಲಿ ಮಠಮಾನ್ಯಗಳಿಗೂ ಟ್ರಸ್ಟುಗಳಿಗೂ ಒಂದು ಹೊಣೆಯಿದೆ. ದಾಸೋಹದ ಲೆಕ್ಕ ಸುಲಭದ್ದಲ್ಲ. ಭಕ್ತರು ತಂದ ಅಕ್ಕಿ, ಬೆಲ್ಲ, ತೆಂಗಿನಕಾಯಿ ಯಾವ ಪುಸ್ತಕದಲ್ಲಿ, ಯಾವ ಬೆಲೆಯಲ್ಲಿ ಏರಬೇಕು? ಅನ್ನದಾಸೋಹಕ್ಕೆಂದು ಕೊಟ್ಟ ಹಣವನ್ನು ಕಟ್ಟಡಕ್ಕೆ ಬಳಸದಂತೆ ಹೇಗೆ ಬೇರ್ಪಡಿಸಿಡಬೇಕು? ಮಾನ್ಯತೆ ಪಡೆದ ಸಂಸ್ಥೆಗೂ ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ದೊರೆಯದು. ಇದನ್ನು ದಾನಿಗೆ ರಸೀದಿ ಬರೆಯುವಾಗಲೇ ತಿಳಿಸಬೇಕು. ಆಯ್ದಕ್ಕಿ ಲಕ್ಕಮ್ಮ ತಾಯಿ ಅಂದು ಅಕ್ಕಿ ಹೆಚ್ಚಾಗಿ ಬಂದಿದೆಯೆಂದು ಗುರುತಿಸಿದ್ದು ದಿನದ ಅಳತೆ ಅವರಿಗೆ ಗೊತ್ತಿದ್ದುದರಿಂದ.

ಜಾತ್ರೆ-ಉತ್ಸವಗಳ ಮರುವಾರ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕೂರಿಸಿ, ರಸೀದಿ ಪುಸ್ತಕಗಳ ಕ್ರಮಸಂಖ್ಯೆ ನೋಡುವುದರಿಂದ ಮೊದಲುಗೊಂಡು ಉಗ್ರಾಣದ ಉಳಿಕೆ ತೂಗುವವರೆಗೆ ಎಲ್ಲವನ್ನೂ ಅವರ ಕೈಯಿಂದ ಮಾಡಿಸಬಹುದು. ಹಿರಿಯ ಲೆಕ್ಕಿಗರೊಬ್ಬರು ಜೊತೆಗಿರಬೇಕು. ವಿದ್ಯಾರ್ಥಿಗಳು ಬರೆದದ್ದೇ ಅಂತಿಮವಾಗದೆ ಪರಿಶೋಧಕರ ಮುಂದೆ ಹೋಗಬೇಕು. ದಾನಿಗಳ ವಿವರ ಹೊರಗೆ ಹೋಗಬಾರದು. ಲೆಕ್ಕ ಹೊಂದದಿದ್ದಾಗ ‘ಇತರೆ ಖರ್ಚು’ ಎಂದು ಬರೆದು ಮುಗಿಸಲು ಯಾರಿಗೂ ಬಿಡಬಾರದು. ಆ ವ್ಯತ್ಯಾಸ ಹತ್ತು ರೂಪಾಯಿಯದೇ ಇರಲಿ, ಅದು ಯಾವ ಚೀಟಿಯಿಂದ ಬಂತೆಂದು ಹುಡುಕಿಯೇ ಏಳಬೇಕು.